ಪಲ್ಪರ್ ನೀರು ಮತ್ತು ನನ್ನ ಗಾಜಿನ ಪೆಟ್ಟಿಗೆ

ಜರ್ಮನಿ
ಡಿಸೆಂಬರ್ 14

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಇಲ್ಲಿ ನಾಲ್ಕು ಗಂಟೆ ದಾಟಿದರೆ ಕತ್ತಲು. ಅರೇಬಿಕಾ ಕಾಫಿ ಕೊಯ್ಲು ಎಲ್ಲಿಗೆ ಬಂತು? ಆಳು ಸಿಕ್ಕಿದರಾ? ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದರಲ್ಲ, "ನಿನ್ನ ಬೆಳಕಿನ ಮಿಷನ್ ತಂದು ನಮ್ಮ ಪಲ್ಪರ್ ನೀರಿಗೆ ಇಡಬಹುದಾ" ಅಂತ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಆ ಕೊಳೆ ನೀರು ಇದರಿಂದ ಶುದ್ಧವಾಗುತ್ತದಾ ಅಂತ ತಾನೇ? ಅಷ್ಟರಲ್ಲಿ ಲೈನ್ ಕಟ್ಟಾಯಿತು. ಸಿದ್ದಾಪುರದ ನೆಟ್‌ವರ್ಕ್ ಬಗ್ಗೆ ಹೇಳೋದೇ ಬೇಡ. ಅದಕ್ಕೇ ಈ ಕಾಗದ.

ಮಿಷನ್ ಅಂದರೆ ಅಮ್ಮನ ಉಪ್ಪಿನಕಾಯಿ ಭರಣಿಗಿಂತ ಸಣ್ಣ ಗಾಜಿನ ಪೆಟ್ಟಿಗೆ, ಅಷ್ಟೇ. ಒಳಗೆ ಎದುರುಬದುರು ಎರಡು ಹಲಗೆ, ನಡುವೆ ಕೊಳೆ ನೀರು. ಒಂದು ಹಲಗೆಗೆ ಟೈಟಾನಿಯಂ ಡೈಆಕ್ಸೈಡ್ ಬಳಿದಿರುತ್ತೇವೆ. ಗೋಡೆಯ ಬಿಳಿ ಪೇಂಟಿಗೆ ಹಾಕುತ್ತಾರಲ್ಲ, ಅದೇ. ಇನ್ನೊಂದು ಪ್ಲಾಟಿನಂ. ಬೆಳಕು ಬಿದ್ದರೆ ಬಿಳಿ ಲೇಪದೊಳಗಿನ ಎಲೆಕ್ಟ್ರಾನು ಎದ್ದು ವೈರಿನಲ್ಲಿ ಆಚೆ ಹಲಗೆಗೆ ಓಡುತ್ತದೆ. ಅದು ಬಿಟ್ಟ ಖಾಲಿ ಜಾಗ ಸುಮ್ನೆ ಇರುವುದಿಲ್ಲ, ನೀರಿನ ಕೊಳೆಯಿಂದ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ. ಕಿತ್ತು ಕಿತ್ತು ಕೊಳೆ ಮುರಿಯುತ್ತದೆ. ಓಡಿ ಬಂದದ್ದನ್ನು ಆಚೆ ಕಡೆ ಆಮ್ಲಜನಕ ಇಸಿದುಕೊಳ್ಳುತ್ತದೆ. ದಾರಿಯಲ್ಲಿ ಒಂದಿಷ್ಟು ಕರೆಂಟ್. ಕೊಳೆಯೇ ಸೌದೆ ಅನ್ನಿ. ಆಸೆ ಪಡಬೇಡಿ ಅಪ್ಪ, ನನ್ನ ಪೆಟ್ಟಿಗೆಯಿಂದ ಒಂದು ಬಲ್ಬೂ ಹತ್ತುವುದಿಲ್ಲ. ನೀವಿನ್ನೂ ಶಾಲೆಗೆ ಹೋಗುತ್ತಿದ್ದಾಗ, 1972ರಲ್ಲೇ, ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದೇ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದ್ದರು. ನಾವಿನ್ನೂ ಅದನ್ನೇ ಉಜ್ಜುತ್ತಾ ಕೂತಿದ್ದೇವೆ.

ಹೋದ ತಿಂಗಳ ಕಥೆ ಕೇಳಿ. ಪರೀಕ್ಷೆಗೆ ಮೆಥಿಲೀನ್ ಬ್ಲೂ ಅನ್ನುವ ಬಣ್ಣ ಹಾಕುತ್ತೇವೆ. ಕಡು ನೀಲಿ. ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಅಜ್ಜಿ ಮದ್ದುಸೊಪ್ಪು ಕುದಿಸಿದ ಪಾತ್ರೆಯೇ ನೆನಪಾಯಿತು. ದೀಪ ಹಾಕಿದೆ, ಸಂಜೆಗೆ ನೀರು ತಿಳಿ! ಕುಣಿಯುತ್ತಾ ಹೋಗಿ ಸೀಸೆಯನ್ನು ನನ್ನ ಸಂಶೋಧನೆಯ ಗೈಡ್ ಕೈಗೆ ಕೊಟ್ಟೆ. ಅವರು ಮಾತಾಡಲಿಲ್ಲ. ಮುಚ್ಚಳ ಒಮ್ಮೆ ತೆಗೆದು, ಹಾಕಿ, ಜೋರಾಗಿ ಕುಲುಕಿದರು. ನೋಡುತ್ತಾ ನೋಡುತ್ತಾ ನೀಲಿ ವಾಪಸ್ ಬಂತು. ಗಾಳಿ ಬಿಡುವ ಪಂಪ್ ಹಾಕಲು ಮರೆತಿದ್ದೆ. ಆಮ್ಲಜನಕ ಸಿಗದೆ ಎಲೆಕ್ಟ್ರಾನು ಬಣ್ಣಕ್ಕೇ ಅಂಟಿಕೊಂಡಿತ್ತು. ಬಣ್ಣ ಹೋಗಿರಲಿಲ್ಲ, ಅಡಗಿ ಕೂತಿತ್ತು. ಈಗ ಬಣ್ಣ ನಿಜಕ್ಕೂ ಮುರಿಯಿತಾ ಅಂತ ತಿಳಿಯಲು ನೀರಿನಲ್ಲಿ ಇಂಗಾಲ ಎಷ್ಟು ಉಳಿದಿದೆ ಅಂತ ಅಳೆಯದೆ ನಾನು ಬಾಯಿ ಬಿಡುವುದಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಲ್ಪರ್ ನೀರಿಗೆ ಇದು ಆಗಲ್ಲ. ಸುಣ್ಣ ಹಾಕಿದ ಮೇಲೆ ಆ ನೀರು ಹೇಗೆ ಕಪ್ಪಾಗುತ್ತದೆ, ಗೊತ್ತಲ್ಲ. ಬೆಳಕು ಒಳಗೇ ಹೋಗುವುದಿಲ್ಲ. ಸಾಲದ್ದಕ್ಕೆ ಈ ಬಿಳಿ ಲೇಪಕ್ಕೆ ಬೇಕಾದ್ದು ನೇರಳಾತೀತ ಕಿರಣ. ಬಿಸಿಲಿನಲ್ಲಿ ಅದು ನೂರಕ್ಕೆ 4-5 ಪಾಲು ಮಾತ್ರ. ನಮಗೆ ಸುಣ್ಣ, ಗುಂಡಿ, ಗೋಬರ್ ಗ್ಯಾಸ್ ತರಹದ ಟ್ಯಾಂಕ್, ಇವೇ ಸರಿ. ಸೂಕ್ಷ್ಮಜೀವಿಗಳು ತಿನ್ನಲಾಗದೆ ಬಿಟ್ಟ ಬಣ್ಣ, ಔಷಧಿ, ಕೀಟನಾಶಕದ ಚೂರುಪಾರಿಗೆ ನನ್ನ ಪೆಟ್ಟಿಗೆ. ಹಣ್ಣನ್ನೆಲ್ಲಾ ಸಿಪ್ಪೆ ಸಮೇತ ಹಾಗೇ ಒಣಗಿಸಿ ಚೆರ್ರಿ ಮಾಡಿದರೆ ಈ ರಗಳೆಯೇ ಇಲ್ಲ. ಆದರೆ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟಿಗೆ ರೇಟ್ ಜಾಸ್ತಿ, ಏನು ಮಾಡುವುದು.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ಮಡ್ಡಿ ಕೆಳಗೆ ಕೂತ ಮೇಲೆ ನಮ್ಮ ಎರಡನೇ ಗುಂಡಿ ತುಂಬಿ ತೋಡಿಗೆ ಹರಿದಾಗ ನೀವು "ತಿಳಿಯಾಗಿದೆ ಬಿಡು" ಅಂದಿರಿ. ನಾನೂ ಬಗ್ಗಿ ನೋಡಿ ಹೂಂ ಅಂದೆ. ಕಾಫಿ ಹಣ್ಣಿನ ಸಕ್ಕರೆಗೆ ಬಣ್ಣ ಎಲ್ಲಿದೆ ಅಪ್ಪ? ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡರೆ ಮೀನು ಉಸಿರುಗಟ್ಟುತ್ತವೆ. ಆ ತೋಡು ಸೇರುವುದು ಕಾವೇರಿಗೇ ಅಲ್ವಾ.

ರೋಬಸ್ಟಾ ಕಾಫಿ ಕೊಯ್ಲು ಶುರುವಾಗುವ ಮೊದಲು ಆ ಗುಂಡಿಯ ಬದು ಎತ್ತರಿಸಿ. ದುಡ್ಡು ನಾನು ಕಳಿಸುತ್ತೇನೆ. ನಂಬಿಕೆ ಬರದಿದ್ದರೆ, ಗುಂಡಿಯ ತಿಳಿನೀರು ಒಂದು ಸೀಸೆಗೆ ತುಂಬಿ ಮುಚ್ಚಿಡಲು ತಮ್ಮನಿಗೆ ಹೇಳಿ. ನಾಲ್ಕು ದಿನ ಬಿಟ್ಟು ತೆಗೆದು ಮೂಸಲಿ. ಅಡಿಗೆಮನೆಯಲ್ಲಿ ಮಾತ್ರ ಬೇಡ, ಅಮ್ಮ ಬೈಯುತ್ತಾರೆ.

ಇತಿ ನಿಮ್ಮ ಮಗಳು,
ಪುಟ್ಟಿ