ಗೇಟಿನ ಹತ್ತಿರ ಬಿದ್ದಿದ್ದ ಪೇಪರ್

ಸಂಪಾದಕರಿಗೆ,

ನಮ್ಮ ಎದುರು ಮನೆಯಲ್ಲಿ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರ ಬಾಗಿಲನ್ನು ಯಾರೋ ತಟ್ಟಿದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತಿಗೆ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

ಆ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರ ಮನೆ ಮುಂದಿನ ದೀಪ ಇನ್ನೂ ಉರಿಯುತ್ತಿತ್ತು. ಪೇಪರ್ ಗೇಟಿನ ಹತ್ತಿರವೇ ಬಿದ್ದಿತ್ತು. ಏನೋ ಸರಿಯಿಲ್ಲ ಅಂತ ಅನ್ನಿಸಿತು. ಪಕ್ಕದ ಮನೆಯವರು ವಿಚಾರಿಸಿರುತ್ತಾರೆ ಅಂದುಕೊಂಡು ಹೋಗಿಬಿಟ್ಟೆ. ಪಕ್ಕದವರು ನಾನು ವಿಚಾರಿಸಿರುತ್ತೇನೆ ಅಂದುಕೊಂಡಿದ್ದರು. ಆಮೇಲೆ ಲೆಕ್ಕ ಹಾಕಿದರೆ, ಐದು ಮನೆಯವರು ಆ ಪೇಪರ್ ನೋಡಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ನಾವು ಅಷ್ಟು ಕಲ್ಲುಮನಸ್ಸಿನವರಾ ಅಂತ ತಲೆ ಕೆಡಿಸಿಕೊಂಡಿದ್ದಾಗ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ನ್ಯೂಯಾರ್ಕಿನ ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬನಿಗೆ ಫಿಟ್ಸ್ ಬಂದ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದವರು ಶೇ 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು ಶೇ 31 ಮಾತ್ರ. ಏಳದೆ ಕೂತವರಲ್ಲಿ ಹಲವರಿಗೆ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅದನ್ನು ಓದಿದಾಗ ಆ ಬೆಳಗಿನ ನಾನೇ ಕಣ್ಣಮುಂದೆ ಬಂದೆ. ಕಾಳಜಿ ಇತ್ತು, ಆದರೆ ಕೆಲಸ ನನ್ನದು ಅಂತ ಯಾರೂ ಹೇಳಿರಲಿಲ್ಲ.

ಹಾಗಾಗಿ ನಾವು ಮನೆಗಳನ್ನು ಹಂಚಿಕೊಂಡೆವು. 'ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳೋಣ' ಅನ್ನುವುದನ್ನು ಬಿಟ್ಟೆವು. ಒಬ್ಬರಿಗೆ ಒಂದೇ ಮನೆ. ಅಜ್ಜಿಯ ಮನೆ ನನ್ನ ಪಾಲಿಗೆ. ಬೆಳಿಗ್ಗೆ ಎಂಟಾದರೂ ಪೇಪರ್ ಒಳಗೆ ಹೋಗದಿದ್ದರೆ ಬೆಲ್ ಒತ್ತುತ್ತೇನೆ. ಉತ್ತರ ಬಾರದಿದ್ದರೆ, ಅವರೇ ಒಪ್ಪಿ ಕೊಟ್ಟಿರುವ ಕೀಲಿಯಿಂದ ಬಾಗಿಲು ತೆಗೆಯುತ್ತೇನೆ. ನಾನು ಊರಲ್ಲಿಲ್ಲದಿದ್ದರೆ ಆ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟೇ ಹೋಗಬೇಕು. ಬೀದಿದೀಪ ಕೆಟ್ಟರೆ ದೂರು ಕೊಡುವುದಕ್ಕೂ ತಿಂಗಳಿಗೊಬ್ಬರ ಹೆಸರಿದೆ.

ಒಂದು ವಿಷಯದಲ್ಲಿ ಜಗಳವೇ ಆಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬ ಹುಡುಗನ ಫೋಟೊ ಹಾಕಿ 'ಅನುಮಾನ ಬರ್ತಿದೆ, ಹಿಡಿಯಿರಿ' ಅಂತ ಬರೆದರು. ಅವನು ಮೀಟರ್ ರೀಡಿಂಗಿಗೆ ಬಂದವನು. ನಾಲ್ಕು ಜನ ಸುತ್ತುವರಿದು ನಿಂತಾಗ ಅವನ ಮುಖ ಬಿಳಿಚಿಹೋಗಿತ್ತು. ಅವತ್ತೇ ಯಾರಾದರೂ ಕೈ ಮಾಡಿದ್ದರೆ ಏನು ಗತಿ? ಇದು ಕಾವಲು ಅಲ್ಲವೇ ಅಲ್ಲ. ಈಗ ಅಪರಿಚಿತರ ಫೋಟೊ ಹಾಕುವಂತಿಲ್ಲ. ಯಾರೋ ಬೀಗ ಮುರಿಯುವುದು ಕಂಡರೆ ಪೊಲೀಸರಿಗೆ ಫೋನ್ ಮಾಡಬೇಕು, ಬೆನ್ನಟ್ಟಬಾರದು. ನೋಡಲು ಹೇಗಿದ್ದಾನೆ ಅನ್ನುವುದಕ್ಕಿಂತ ಏನು ಮಾಡುತ್ತಿದ್ದಾನೆ ಅನ್ನುವುದು ಮುಖ್ಯ ಅಲ್ವಾ?

ಅಜ್ಜಿ ಈಗ ವಾಕರ್ ಹಿಡಿದು ಓಡಾಡುತ್ತಾರೆ. ನನಗೂ ಒಂದು ಮನೆ ಕೊಡಿ ಅಂತ ಹಟ ಹಿಡಿದು ಕೇಳಿದರು. ನಮ್ಮದನ್ನೇ ಕೊಟ್ಟೆವು. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, "ಮಗಾ, ಕೀಲಿ ಬಾಗಿಲಲ್ಲೇ ಬಿಟ್ಟಿದ್ದೀಯಲ್ಲ, ತಗೊಂಡು ಒಳಗಿಡು" ಅಂದರು.

ಇಂತಿ,
ನಿಮ್ಮ ಓದುಗಿ