ಗುರುಗಳ ನೆನಪಿನ ಈಜಿಗೆ ಮುನ್ನ

ಚಿ. ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಈಜಿನ ಗುರುಗಳು ತೀರಿಹೋದ ಸುದ್ದಿ ಓದಿ ಮನಸ್ಸು ಭಾರವಾಯಿತು. ನೀರು ಕಂಡರೆ ಹಿಂದೆ ಸರಿಯುತ್ತಿದ್ದವರನ್ನು ತಾಸುಗಟ್ಟಲೆ ಈಜುವ ಹಾಗೆ ಮಾಡಿದವರು ಅವರು. ಅವರ ಹೆಸರಿನಲ್ಲಿ ಹಳಬರು ಹೊಸಬರೆಲ್ಲ ಸೇರಿ ಒಂದು ಈಜು ಇಟ್ಟುಕೊಳ್ಳುತ್ತಿದ್ದೇವೆ, ಹೊಣೆ ನನ್ನದು ಎಂದು ಬರೆದಿದ್ದೀಯ. ಖಂಡಿತ ಇಟ್ಟುಕೊಳ್ಳಿ. ಆದರೆ ಮಾಮೂಲಿ ತಾಲೀಮಿಗಿಂತ ಅಂಥ ಈಜಿನಲ್ಲೇ ಅವಘಡಕ್ಕೆ ದಾರಿ ಹೆಚ್ಚು. ಅಂದು ಎಲ್ಲರ ಗಮನ ಹೋದವರ ಮೇಲಿರುತ್ತದೆ, ನೀರಿನ ಮೇಲೆ ಇರುವುದಿಲ್ಲ.

ಮೊದಲು ಒಬ್ಬರನ್ನು ಸುರಕ್ಷತೆಗೆಂದೇ ನೇಮಿಸು. ಅವರು ಈಜಬಾರದು, ಭಾಷಣ ಮಾಡಬಾರದು. ಗುರುಗಳಿಗೆ ತೀರಾ ಹತ್ತಿರದವರೂ ಆಗಿರಬಾರದು. ಗಾಳಿ ಎದ್ದರೆ, ಮಂಜು ಕವಿದರೆ, ಗುಡುಗು ಕೇಳಿದರೆ ಈಜು ರದ್ದು ಎನ್ನುವ ಅಧಿಕಾರ ಅವರೊಬ್ಬರದೇ. ಇದನ್ನು ಹಿಂದಿನ ದಿನವೇ ಎಲ್ಲರಿಗೂ ತಿಳಿಸು. ದೂರದಿಂದ ಬಂದವರು ದಡದಲ್ಲಿ ನಿಂತು "ಅವರಿಗೋಸ್ಕರ ಇಳಿದೇಬಿಡೋಣ" ಎನ್ನತೊಡಗಿದ ಮೇಲೆ ಬೇಡ ಎನ್ನುವುದು ನಿನ್ನಿಂದ ಆಗುವುದಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಹಳೆಯ ಶಿಷ್ಯರದು. ವರ್ಷಗಟ್ಟಲೆ ತಣ್ಣೀರಿಗೆ ಇಳಿಯದವರು ಅಂದು ಬರುತ್ತಾರೆ. ತೋಳಿಗೆ ಈಜಿನ ಸ್ಟ್ರೋಕ್, ಅಂದರೆ ಕೈ ಬೀಸುವ ಬಗೆ, ನೆನಪಿರುತ್ತದೆ, ಮೈಗೆ ತಣ್ಣೀರು ಮರೆತಿರುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಧುಮುಕಿದರೆ ಬಾಯಿ ತೆರೆದು ಏದುಸಿರು ಬಿಡುವಂತಾಗುತ್ತದೆ, ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಗುಂಡಿಗೆಯ ಬಡಿತವೂ ರಕ್ತದೊತ್ತಡವೂ ಏರುತ್ತವೆ. ಮೊದಲ ಅರ್ಧ ನಿಮಿಷ ತೀರಾ ಕಷ್ಟ; ಎರಡು ಮೂರು ನಿಮಿಷದಲ್ಲಿ ತಹಬಂದಿಗೆ ಬರುತ್ತದೆ. ಆ ಹೊತ್ತಿನಲ್ಲಿ ಒಂದು ಅಲೆ ಮುಖಕ್ಕೆ ಬಡಿದರೂ ನೀರು ಶ್ವಾಸಕೋಶಕ್ಕೆ ಹೋಗಬಹುದು. ಅಳು ಒತ್ತರಿಸಿ ಬಂದವರ ಉಸಿರು ಮೊದಲೇ ತಾಳ ತಪ್ಪಿರುತ್ತದೆ. ಎರಡೂ ಕೂಡಿದರೆ ಅಪಾಯ. ಆದ್ದರಿಂದ ಧುಮುಕುವುದು ಬೇಡ. ನಡೆದು ಇಳಿಯಿರಿ, ಸೊಂಟದ ಮಟ್ಟದಲ್ಲಿ ನಿಂತು ಮುಖಕ್ಕೆ, ಕುತ್ತಿಗೆಗೆ ನೀರು ಹಾಕಿಕೊಳ್ಳಿ, ಉಸಿರನ್ನು ನಿಧಾನವಾಗಿ ಹೊರಬಿಡುವುದು ಸಾಧ್ಯವಾದ ಮೇಲೆ ಈಜು. ಹಳಬರಿಗೆ ಈಗಲೇ ಹೇಳಿ ಕಳಿಸು: ಮುಂಚಿನ ವಾರಗಳಲ್ಲಿ ಐದಾರು ಸಲ, ಜೊತೆಗೊಬ್ಬರನ್ನು ಇಟ್ಟುಕೊಂಡು, ಎರಡು ಮೂರು ನಿಮಿಷ ತಣ್ಣೀರಿನಲ್ಲಿ ಇದ್ದು ಬಂದರೂ ಈ ಆಘಾತ ಬಹಳ ತಗ್ಗುತ್ತದೆ. ಹೃದಯದ ತೊಂದರೆ ಇದ್ದವರು ದಡದಲ್ಲಿ ಟವೆಲ್ ಹಿಡಿದು ನಿಲ್ಲಲಿ. ಅದೂ ಗುರುಸೇವೆಯೇ.

ಸಮುದ್ರವಾದರೆ ಉಬ್ಬರ ಇಳಿತದ ವೇಳಾಪಟ್ಟಿ ನೋಡಿ ಹೊತ್ತು ಗೊತ್ತುಮಾಡು, ಎಲ್ಲರಿಗೂ ರಜೆ ಇದೆ ಎಂದಲ್ಲ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 6 ತಾಸು ಅಂತರ. ಸೆಳೆತ ತಿರುಗುವ ಮುನ್ನ ನೀರು ಸ್ವಲ್ಪ ಹೊತ್ತು ನಿಂತಂತಿರುತ್ತದೆ, ಅದೇ ನಿಮ್ಮ ಸಮಯ. ಸೆಳೆತಕ್ಕೆ ಎದುರಾಗಿ ಗಾಳಿ ಬೀಸಿದರೆ ಅಲೆ ಚಿಕ್ಕದಾಗಿ, ಕಡಿದಾಗಿ ಏಳುತ್ತದೆ. ಅದರಲ್ಲಿ ತಲೆ ಎಣಿಸುವುದು ಅಸಾಧ್ಯ.

ತಲೆ ಎಣಿಸುವ ವಿಷಯದಲ್ಲಿ ಸಂಕೋಚ ಬೇಡ. ಒಂದೇ ಕಾಗದ, ಒಬ್ಬರೇ ಬರೆಯುವವರು. ಹೆಸರು, ಸಂಖ್ಯೆ, ಮನೆಯವರ ಫೋನ್, ಇಳಿದ ಹೊತ್ತು, ಎದ್ದ ಹೊತ್ತು. ಸಂಖ್ಯೆಯನ್ನು ಕೈಮೇಲೆ ನೀರಿಗೆ ಅಳಿಸದ ಮಾರ್ಕರ್‌ನಿಂದ ಬರೆಯಿರಿ, ಮೈಗೆ ಕ್ರೀಮ್ ಹಚ್ಚುವ ಮೊದಲೇ. ಜಿಡ್ಡಿನ ಮೇಲೆ ಮಾರ್ಕರ್ ಹತ್ತುವುದಿಲ್ಲ. ಇಂಥಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಒಂದಿದೆ. ಯಾರೋ ಚಳಿಯಾಗಿ ಬೇರೆ ಕಡೆ ದಡ ಹತ್ತಿ, ಹೇಳದೆ ಕಾರಿಗೆ ಹೋಗಿ ಕೂರುತ್ತಾರೆ. ಇಲ್ಲಿ ಕಾವಲಿಗಿದ್ದ ಕಿರುದೋಣಿಗಳು, ಅಂದರೆ ಕಯಾಕ್‌ಗಳೆಲ್ಲ ಅವರನ್ನು ಹುಡುಕುತ್ತಾ ಉಳಿದವರನ್ನು ಬಿಟ್ಟುಬಿಡುತ್ತವೆ. ಎಲ್ಲರೂ ಎದ್ದುಕಾಣುವ ಬಣ್ಣದ ಕ್ಯಾಪ್ ಹಾಕಿ ಸೊಂಟಕ್ಕೆ ಟೋ ಫ್ಲೋಟ್, ಅಂದರೆ ಹಿಂದೆ ತೇಲಿ ಬರುವ ಬಣ್ಣದ ಗಾಳಿಚೀಲ, ಕಟ್ಟಲಿ. ಒಂದು ಕಯಾಕ್ ಸದಾ ಕೊನೆಯ ಈಜುಗಾರರ ಹಿಂದೆಯೇ ಇರಲಿ.

ಮಾತುಗಳು ಈಜಿನ ಮುಂಚೆ ಬೇಡ. ಈಜುಡುಗೆಯಲ್ಲಿ ಹತ್ತು ನಿಮಿಷ ಗಾಳಿಗೆ ನಿಂತವರು ಅರ್ಧ ತಣಿದೇ ನೀರಿಗಿಳಿಯುತ್ತಾರೆ. ನೀರಿನಲ್ಲಿ ವೃತ್ತವಾಗಿ ಸೇರಿ ಮೌನ ಆಚರಿಸುವುದಾದರೆ ಒಂದು ನಿಮಿಷ ಸಾಕು, ಕಾಲಿಗೆ ನೆಲ ಸಿಗುವ ಕಡೆ. ನಿಂತಲ್ಲೇ ಕಾಲಾಡಿಸುವವರ ಮೈ ಈಜುವವರಷ್ಟು ಬಿಸಿ ಹುಟ್ಟಿಸುವುದಿಲ್ಲ, ಮೀನಖಂಡ ಸೆಡೆಯುತ್ತದೆ. ಹೂವು ಬಿಡುವುದಾದರೆ ಬಿಡಿ ಎಸಳು ಮಾತ್ರ. ದಾರ, ತಂತಿ, ಪ್ಲಾಸ್ಟಿಕ್ ಬೇಡ.

ಮೇಲೆ ಬಂದ ನಂತರದ ಅರ್ಧ ತಾಸನ್ನು ಹಗುರವಾಗಿ ನೋಡಬೇಡ. ದಡ ಹತ್ತಿದ ಮೇಲೂ ಮೈಯ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ನಗುತ್ತಾ ಬಂದವರು ಹತ್ತು ನಿಮಿಷದ ಮೇಲೆ ಗಡಗಡ ನಡುಗುತ್ತಾರೆ. ಅಪ್ಪಿಕೊಳ್ಳುವುದು, ಫೋಟೋ ತೆಗೆಯುವುದು ಆಮೇಲೆ. ಮೊದಲು ಒದ್ದೆ ಬಟ್ಟೆ ತೆಗೆದು ಒರೆಸಿಕೊಂಡು, ಎದೆ ಬೆನ್ನಿಗೆ ಪದರ ಪದರವಾಗಿ ಒಣಬಟ್ಟೆ, ತಲೆಗೆ ಟೋಪಿ, ಕೈಗೆ ಬೆಚ್ಚಗಿನ ಸಿಹಿ ಪಾನೀಯ. ಕೂಡಲೇ ಬಿಸಿನೀರಿನ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಬಿದ್ದು ತಲೆ ತಿರುಗಬಹುದು. ಮಾತು ತೊದಲಿದರೆ, ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ, ಮಲಗಿಸಿ ವೈದ್ಯರನ್ನು ಕರೆಸಿ. ನಡುಕ ನಿಂತ ಮೇಲೂ ಸ್ವಲ್ಪ ಹೊತ್ತು ಯಾರೂ ಗಾಡಿ ಓಡಿಸಬಾರದು. ಮಾತಾಡುವವರು ಆಗ ಮಾತಾಡಲಿ, ಎಲ್ಲರೂ ಬೆಚ್ಚಗೆ ಕೂತಿರುವಾಗ.

ಇನ್ನೊಂದು ಕೆಲಸ ಈಜಿಗಿಂತ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಈ ವಿದ್ಯೆ ಮನುಷ್ಯರಿಂದ ಮನುಷ್ಯರಿಗೆ ದಾಟಿ ಬಂದದ್ದು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯನ್ನು ಮ್ಯಾಥ್ಯೂ ವೆಬ್ 1875ರಲ್ಲಿ ಮೊದಲಿಗರಾಗಿ ಈಜಿ ದಾಟಿದ ಮೇಲೆ ಎರಡನೆಯವರಾಗಿ ಬಿಲ್ ಬರ್ಜೆಸ್ ದಾಟಲು 36 ವರ್ಷ ಬೇಕಾಯಿತು, 1911ರಲ್ಲಿ. ಅದೇ ಬರ್ಜೆಸ್ 1926ರಲ್ಲಿ ಗರ್ಟ್ರೂಡ್ ಎಡರ್ಲಿಗೆ ತರಬೇತಿ ಕೊಟ್ಟರು. ಕಾಲುವೆ ದಾಟಿದ ಮೊದಲ ಹೆಣ್ಣುಮಗಳು ಆಕೆ. ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಫ್ರೀಡಾ ಸ್ಟ್ರೀಟರ್ ವರ್ಷಗಟ್ಟಲೆ ಎಷ್ಟೋ ಜನರನ್ನು ತಯಾರು ಮಾಡಿದರು. ಅವರ ಮಗಳು ಆಲಿಸನ್ ಆ ಕಾಲುವೆಯನ್ನು 43 ಸಲ ಈಜಿದವರು. ದಾಟಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಕಲಿಸಿದವರ ವಿಧಾನ ಉಳಿಯುವುದು ಅಪರೂಪ.

ಹಾಗಾಗಿ ಶಿಷ್ಯರನ್ನು "ಅವರು ಎಂಥವರಾಗಿದ್ದರು" ಎಂದು ಕೇಳಬೇಡ. ಕೇಳಿದರೆ ಎಲ್ಲರೂ ದೊಡ್ಡ ಮನಸ್ಸಿನವರು ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ದೂರದ ಈಜಿನಲ್ಲಿ ಮೂವತ್ತು ನಿಮಿಷಕ್ಕೊಮ್ಮೆ ದೋಣಿಯಿಂದ ಕೊಡುತ್ತಿದ್ದ ಫೀಡ್, ಅಂದರೆ ಕುಡಿಯುವ ಆಹಾರ, 250 ಮಿ.ಲೀ. ಇತ್ತೋ 300 ಇತ್ತೋ? ಅದರಲ್ಲಿ ಏನು, ಎಷ್ಟು ಬೆಚ್ಚಗೆ? ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ಎಸೆಯುತ್ತಿದ್ದರೋ, ಕೋಲಿನಿಂದ ಚಾಚುತ್ತಿದ್ದರೋ? ನಿಮಿಷಕ್ಕೆ 64 ಇದ್ದ ಸ್ಟ್ರೋಕ್ ಎಷ್ಟಕ್ಕೆ ಇಳಿದರೆ ನೀರಿನಿಂದ ಎತ್ತುತ್ತಿದ್ದರು? ಚಳಿಗೆ ಕಿರುಬೆರಳು ಬಿಡಿಯಾಗಿ ಸೆಟೆಯುವುದನ್ನು ದೋಣಿಯಿಂದಲೇ ಹೇಗೆ ಗುರುತಿಸುತ್ತಿದ್ದರು? ಹೀಗೆ ಕೇಳು, ಹೇಳಿದವರ ಹೆಸರು, ದಿನಾಂಕದೊಂದಿಗೆ ಬರೆದಿಡು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆ. ಅವರು ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಿಕೊಟ್ಟಿರಬಹುದು. ಅವರ ಕೈಬರಹದ ತಾಲೀಮು ಪುಸ್ತಕಗಳಿದ್ದರೆ ಮನೆಯವರ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಅವರಿಗೇ ಹಿಂತಿರುಗಿಸು. ಪದಕ, ಫಲಕದ ಮಾತು ಆಮೇಲೆ ನೋಡಿಕೊಳ್ಳಬಹುದು.

ದಿನ ಇನ್ನೂ ನಿಶ್ಚಯವಾಗದಿದ್ದರೆ ಆ ತಿಂಗಳ ಉಬ್ಬರ ಇಳಿತದ ಪಟ್ಟಿಯನ್ನೂ, ಬರುವವರಲ್ಲಿ ಈಗ ತಾಲೀಮು ಇಲ್ಲದವರ ಪಟ್ಟಿಯನ್ನೂ ಕಳಿಸು. ಕೂತು ನೋಡಿ ತಿಳಿಸುತ್ತೇನೆ.

ನಿನ್ನ
ದೊಡ್ಡಪ್ಪ