ಫೇಲಾದ ಚೀಟಿಯನ್ನು ಒಮ್ಮೆ ಓದಿ

ಸಂಪಾದಕರಿಗೆ,

ಮಾನ್ಯರೇ,

ಮಾಡಿಫೈ ಮಾಡಿದ ಕಾರುಗಳನ್ನು ರಸ್ತೆಗೇ ಬಿಡಬಾರದು ಎಂದು ಓದುಗರೊಬ್ಬರು ಬರೆದಿದ್ದ ಪತ್ರ ಓದಿದೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ಹತ್ತಿರವೂ ಅಂಥದ್ದೇ ಒಂದು ಕಾರಿದೆ: ಹಳೆಯ ಮಾಜ್ಡಾ ಮಿಯಾಟಾ, 1.6 ಲೀಟರ್ ಎಂಜಿನ್. ಎಂಜಿನ್ನಿನ ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬದಲಿಸಿ, ಎಂಜಿನ್ನಿನ ಹೊಗೆ ಹೊರತರುವ ಹೆಡರ್ ಪೈಪುಗಳನ್ನು ಹಾಕಿಸಿ, ಹೊಗೆಯಲ್ಲಿನ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದ ಜಾಗಕ್ಕೆ ನೇರ ಪೈಪು ಕೂರಿಸಿದ್ದೆ. ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಕಾರ್ಬನ್ ಮೊನಾಕ್ಸೈಡ್ ಶೇ 3.4, ಹೈಡ್ರೋಕಾರ್ಬನ್ 640 ಪಿಪಿಎಂ (ಹತ್ತು ಲಕ್ಷದಲ್ಲಿ 640 ಪಾಲು).

‘ತಪಾಸಣೆ ದಿನ ಮಾತ್ರ ಹಳೇ ಕನ್ವರ್ಟರ್ ಕಟ್ಟು, ಮಾರನೇ ದಿನ ಬಿಚ್ಚಿಬಿಡು’ ಎಂದರು ಗೆಳೆಯರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನು ಹಾಗೇ ಮಾಡಿದೆ. ಕಾರ್ಬನ್ ಮೊನಾಕ್ಸೈಡ್ ಶೇ 1.9ಕ್ಕೆ ಇಳಿಯಿತು ಅಷ್ಟೇ. ಮತ್ತೆ ಫೇಲ್.

ಆ ರಾತ್ರಿ ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಎಂದರೆ ಎಂಜಿನ್ನಿಗೆ ಗಾಳಿ ಸಾಲದಷ್ಟು ಪೆಟ್ರೋಲ್ ಹೋಗುತ್ತಿದೆ. ಹೈಡ್ರೋಕಾರ್ಬನ್ ಜಾಸ್ತಿ ಎಂದರೆ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ. ಕನ್ವರ್ಟರಿನಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇರಬೇಕು, ತೂಕದ ಲೆಕ್ಕದಲ್ಲಿ. ಹೊಗೆಯಲ್ಲಿ ಆಮ್ಲಜನಕವೇ ಉಳಿಯದಿದ್ದರೆ ಪಾಪ, ಅದಾದರೂ ಏನನ್ನು ಸುಟ್ಟೀತು?

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದೆ. ಹೆಡರ್ ಕಡೆಯಿಂದ ಟಿಕ್ ಟಿಕ್ ಸದ್ದು. ಎರಡು ನಿಮಿಷ ಕಳೆದು ಲೋಹ ಕಾದು ಹಿಗ್ಗಿದ್ದೇ ತಡ, ಸದ್ದು ಮಾಯ. ಟಾರ್ಚ್ ಬಿಟ್ಟು ನೋಡಿದರೆ ನಾಲ್ಕನೇ ಸಿಲಿಂಡರಿಗೆ ಹೆಡರ್ ಕೂಡುವಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದಂತೆ ಒಂದು ಮಸಿಗೆರೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವುದು ಅದರ ಹತ್ತಿರವೇ. ಆ ಸಂದಿಯಿಂದ ಒಳನುಗ್ಗಿದ ಹೊರಗಿನ ಗಾಳಿ ಸೆನ್ಸರಿಗೆ ತಾಗುತ್ತಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಎಂದುಕೊಂಡು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಸುರಿಯುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ನಾಲ್ಕಕ್ಕೂ ಒಣ ಕಾಡಿಗೆ ಮೆತ್ತಿಕೊಂಡಿತ್ತು.

ಹೊಸ ಗ್ಯಾಸ್ಕೆಟ್ ಹಾಕಿದೆ. ಎಳೆತ ಹೆಚ್ಚಲಿ ಎಂದು 14 ಡಿಗ್ರಿಗೆ ಏರಿಸಿದ್ದ ಇಗ್ನಿಷನ್ ಟೈಮಿಂಗನ್ನು, ಎಂದರೆ ಕಿಡಿ ಹಾರುವ ಕ್ಷಣವನ್ನು, ಕಂಪನಿ ಹೇಳುವ 10ಕ್ಕೆ ಇಳಿಸಿದೆ. ಕಿಡಿ ತಡವಾಗಿ ಹಾರಿ ಹೊಗೆ ಬಿಸಿಯಾಗಿ ಹೊರಬಂದರೆ ಉಳಿದ ಪೆಟ್ರೋಲ್ ದಾರಿಯಲ್ಲೇ ಉರಿಯುತ್ತದೆ. ಈ ಕ್ಯಾಮಿನಿಂದಾಗಿ ಒಳ-ಹೊರ ವಾಲ್ವ್‌ಗಳೆರಡೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುತ್ತವೆ, ಕಾರು ನಿಂತಲ್ಲೇ ಎಂಜಿನ್ ಓಡುವ ಐಡ್ಲಿಂಗಿನಲ್ಲಿ ಹಸಿ ಮಿಶ್ರಣ ಸೋರಿಹೋಗುತ್ತದೆ. ಅದಕ್ಕೆ ನಿಮಿಷಕ್ಕೆ 850 ಸುತ್ತು ಇದ್ದ ಐಡ್ಲಿಂಗನ್ನು 950 ಮಾಡಿದೆ. ಪೆಟ್ರೋಲ್ ವಾಸನೆ ಹಿಡಿದಿದ್ದ ಆಯಿಲನ್ನೂ ಬದಲಿಸಿದೆ. ಕನ್ವರ್ಟರ್ ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಾಗಾಗಿ ಅರ್ಧ ಗಂಟೆ ಓಡಿಸಿಕೊಂಡು ಹೋಗಿ, ಎಂಜಿನ್ ಆರಿಸದೆ ಸರದಿಯಲ್ಲಿ ನಿಂತೆ. ಶೇ 0.2, 70 ಪಿಪಿಎಂ. ಪಾಸ್.

ಕ್ಯಾಮ್, ಹೆಡರ್ ಎರಡೂ ಈಗಲೂ ಕಾರಿನಲ್ಲೇ ಇವೆ, ಕನ್ವರ್ಟರನ್ನೂ ಬಿಚ್ಚಿಲ್ಲ. ಪತ್ರ ಬರೆದ ಓದುಗರಲ್ಲಿ ನನ್ನದೊಂದೇ ಕೋರಿಕೆ: ಕಾರಿಗೆ ಏನೇನು ಜೋಡಿಸಿದ್ದಾರೆ ಎಂದಲ್ಲ, ಬಾಲದ ಪೈಪಿನಿಂದ ಏನು ಬರುತ್ತಿದೆ ಎಂದು ನೋಡಿ ತೀರ್ಪು ಕೊಡಿ. ತಪಾಸಣೆ ಮಾಡುವವರೂ ‘ಫೇಲ್’ ಎಂದು ಚೀಟಿ ಕೈಗಿಡುವ ಬದಲು ಯಾವ ಅಂಕಿ ಏಕೆ ಏರಿದೆ ಎಂದು ಒಂದು ಮಾತು ಹೇಳಿದರೆ ಎಷ್ಟೋ ಜನ ಕಳ್ಳದಾರಿ ಹಿಡಿಯುವುದಿಲ್ಲ. ನನಗೆ ಯಾರಾದರೂ ಮೊದಲ ದಿನವೇ ಹೇಳಿದ್ದರೆ ಅಷ್ಟು ತಿಂಗಳು ನನ್ನ ಹಿಂದೆ ಬಂದವರು ಆ ಹೊಗೆ ಕುಡಿಯುತ್ತಿರಲಿಲ್ಲ.

ಆ ನೇರ ಪೈಪನ್ನು ಗೆಳೆಯನೊಬ್ಬ ಕೇಳಿದ. ಕೊಡಲಿಲ್ಲ. ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ.

– ಒಬ್ಬ ಓದುಗ